‘ಲೈಫ್‌ಟೈಮ್’ ವಿಂಡೋಸ್ 180 ದಿನಕ್ಕೆ ಮುಗಿಯಿತು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಪತ್ರಿಕೆ ಬಿಡಿಸಿದಾಗ ಒಳಗಿಂದ ಒಂದು ಹಳದಿ ಪಾಂಪ್ಲೆಟ್ ಜಾರಿ ಬಿತ್ತು. ತಪ್ಪು ನಿಮ್ಮದಲ್ಲ. ಬೆಳಗಿನ ಜಾವ ಪೇಪರ್ ಜೋಡಿಸುವ ಹುಡುಗರು ಇಂಥವನ್ನು ಒಳಗೆ ಸೇರಿಸುತ್ತಾರೆ ಅಂತ ಎಲ್ಲರಿಗೂ ಗೊತ್ತು. ಅದರಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು: ‘ವಿಂಡೋಸ್ 10 ಬಂದ್ ಆಗಿದೆ! ಇಂದೇ ಒರಿಜಿನಲ್ ವಿಂಡೋಸ್ 11 ಹಾಕಿಸಿ. ವಾಲ್ಯೂಮ್ ಲೈಸೆನ್ಸ್, ಲೈಫ್‌ಟೈಮ್. ಶಾಲೆ, ಸೊಸೈಟಿ, ಎಸ್ಟೇಟ್ ಆಫೀಸುಗಳಿಗೆ ವಿಶೇಷ ರಿಯಾಯಿತಿ.’ ವಾಲ್ಯೂಮ್ ಲೈಸೆನ್ಸ್ ಅಂದರೆ ಒಂದು ಸಂಸ್ಥೆ ತನ್ನ ಹಲವು ಕಂಪ್ಯೂಟರ್‌ಗಳಿಗೆ ಒಟ್ಟಾಗಿ ತೆಗೆದುಕೊಳ್ಳುವ ಲೈಸೆನ್ಸ್. ಓದಿದ ಕೂಡಲೇ ಕುಡಿಯುತ್ತಿದ್ದ ಕಾಫಿ ರುಚಿ ಕೆಟ್ಟಿತು. ಯಾಕೆಂದರೆ ಇದೇ ಮಾತು ನಂಬಿ ನಮ್ಮ ಶಾಲೆ 33,600 ರೂಪಾಯಿ ಕಳೆದುಕೊಂಡಿದೆ. ಇದನ್ನು ಓದಿ ಇನ್ನೊಂದು ಶಾಲೆಯಾದರೂ ಉಳಿದುಕೊಳ್ಳಲಿ ಅಂತ ಬರೆಯುತ್ತಿದ್ದೇನೆ. ಪತ್ರ ಉದ್ದ ಆದರೆ ಕತ್ತರಿಸಿಕೊಳ್ಳಿ, ಆದರೆ ಮರ ಮತ್ತು ಬಳ್ಳಿಯ ವಿಷಯ ಬರುವ ಭಾಗವನ್ನು ಮಾತ್ರ ದಯವಿಟ್ಟು ಬಿಡಬೇಡಿ.

ನಾನು ಹಾಸನದಿಂದ ಬೇಲೂರಿಗೆ ಹೋಗುವ ದಾರಿಯ ಒಂದು ಹೈಸ್ಕೂಲಿನಲ್ಲಿ ಕಂಪ್ಯೂಟರ್ ಮೇಷ್ಟ್ರು. ನಮ್ಮ ಲ್ಯಾಬಿನಲ್ಲಿ 28 ಕಂಪ್ಯೂಟರ್ ಇವೆ. 16 ನಮ್ಮ ಹಳೇ ವಿದ್ಯಾರ್ಥಿಗಳು ಬೆಂಗಳೂರಿನಿಂದ ಕೊಡಿಸಿದ ಕಂಪನಿ ಸೆಟ್‌ಗಳು, ಬರುವಾಗಲೇ ವಿಂಡೋಸ್ 10 ಪ್ರೊ (ಆಫೀಸು ಬಳಕೆಯ ಆವೃತ್ತಿ) ಹಾಕಿಕೊಂಡು ಬಂದವು. ಉಳಿದ 12 ಇಲ್ಲೇ ಬಿಡಿ ಭಾಗ ತರಿಸಿ ಜೋಡಿಸಿದ ಅಸೆಂಬಲ್ಡ್ ಸೆಟ್‌ಗಳು. ಈ ಎರಡು ಲೆಕ್ಕ ನೆನಪಿಟ್ಟುಕೊಳ್ಳಿ, ಕಥೆಯೆಲ್ಲ ಇದರ ಮೇಲೇ ನಿಂತಿದೆ.

2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸುತ್ತದೆ ಅಂತ 2025ರ ಶುರುವಿನಲ್ಲೇ ಎಲ್ಲ ಕಡೆ ಗದ್ದಲ. ಬೆಂಬಲ ನಿಂತರೆ ಕಂಪ್ಯೂಟರೇ ನಿಲ್ಲುತ್ತದೆ ಅಂತಲ್ಲ. ಅದು ಓಡುತ್ತಲೇ ಇರುತ್ತದೆ, ಆದರೆ ಹೊಸ ತೂತು ಕಂಡಾಗ ಮುಚ್ಚುವ ಅಪ್‌ಡೇಟ್ ಉಚಿತವಾಗಿ ಬರುವುದು ನಿಲ್ಲುತ್ತದೆ. ಇದನ್ನು ನಾನು ಆಡಳಿತ ಮಂಡಳಿ ಸಭೆಯಲ್ಲಿ ಹೇಳಿದೆ. ಅಧ್ಯಕ್ಷರು ಅರ್ಧ ಕೇಳಿಸಿಕೊಂಡರು, ಉಳಿದರ್ಧ ವಾಟ್ಸಪ್‌ನಲ್ಲಿ ಬಂದ ಸಂದೇಶದಿಂದ ತುಂಬಿಸಿಕೊಂಡರು. ‘ಮೇಷ್ಟ್ರೇ, ಅಕ್ಟೋಬರ್‌ಗೆ ಎಲ್ಲಾ ಸೆಟ್ ಆಫ್ ಆಗುತ್ತಂತೆ, ಬೇಸಿಗೆ ರಜೆಯಲ್ಲೇ ಕೆಲಸ ಮುಗಿಸಿಬಿಡಿ’ ಅಂದರು. ಮೂರು ಕೊಟೇಶನ್ ತರಿಸಿದೆವು. ಎರಡರಲ್ಲಿ ಒಂದೊಂದು ಸೆಟ್ಟಿಗೂ ಸಾವಿರಾರು ರೂಪಾಯಿ ಬರೆದು, ಕೆಲವು ಸೆಟ್ ಬದಲಾಯಿಸಲೇಬೇಕು ಅಂತಲೂ ಹೇಳಿದ್ದರು. ಮೂರನೆಯವರು ಒಂದೇ ಸಾಲಿನಲ್ಲಿ ಮುಗಿಸಿದ್ದರು: ‘ವಿಂಡೋಸ್ 11, ವಾಲ್ಯೂಮ್ ಲೈಸೆನ್ಸ್, 28 ಸೆಟ್, ತಲಾ 1,200.’ ಕಡಿಮೆ ಯಾವುದೋ ಅದಕ್ಕೆ ಮಂಡಳಿಯ ಸಹಿ ಬಿತ್ತು. ಆ ದಿನ ನಾನೂ ಸುಮ್ಮನಿದ್ದೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಮೇ 3 ಮತ್ತು 4, ಶನಿವಾರ ಭಾನುವಾರ, ಇಬ್ಬರು ಹುಡುಗರು ಬಂದರು. ಕೈಯಲ್ಲಿ ಎರಡು ಪೆನ್ ಡ್ರೈವ್, ಒಂದು ಇಂಟರ್ನೆಟ್ ಡಾಂಗಲ್. ನಮ್ಮ ಶಾಲೆಯ ಲೈನ್ ಬೇಡ, ಸ್ಲೋ ಇದೆ ಅಂದರು. ಎಲ್ಲ ಸೆಟ್ಟನ್ನೂ ಫಾರ್ಮ್ಯಾಟ್ ಮಾಡಿ ವಿಂಡೋಸ್ 11 ಎಂಟರ್‌ಪ್ರೈಸ್ (ದೊಡ್ಡ ಸಂಸ್ಥೆಗಳ ಆವೃತ್ತಿ) ಹಾಕಿದರು. ಮಧ್ಯೆ ಗುಡುಗು ಮಳೆ ಬಂದು ಕರೆಂಟ್ ಎರಡು ಸಲ ಹೋಯಿತು, ಯುಪಿಎಸ್ ಇದ್ದಿದ್ದರಿಂದ ಬಚಾವ್. ಒಂದು ಕಡೆ ಆಂಟಿವೈರಸ್ ಆಫ್ ಮಾಡುತ್ತಿದ್ದುದನ್ನು ನೋಡಿ ಯಾಕಪ್ಪಾ ಅಂತ ಕೇಳಿದೆ. ‘ಸರ್, ಆಕ್ಟಿವೇಶನ್ ಆಗಬೇಕಾದರೆ ಎರಡು ನಿಮಿಷ ಆಫ್ ಮಾಡಬೇಕು, ಆಮೇಲೆ ಆನ್ ಮಾಡ್ತೀವಿ’ ಅಂದ. ಆಕ್ಟಿವೇಶನ್ ಅಂದರೆ ಲೈಸೆನ್ಸ್ ಇದೆ ಅಂತ ವಿಂಡೋಸ್ ಖಾತ್ರಿ ಮಾಡಿಕೊಳ್ಳುವುದು. ನಿಜವಾದ ಲೈಸೆನ್ಸಿಗೆ ಕಳ್ಳನ ಹಾಗೆ ನಾಯಿ ಕಟ್ಟಿಹಾಕುವ ಅಗತ್ಯ ಏನು ಅಂತ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬಿಸಿಲಲ್ಲಿ ಬಂದಿದ್ದಾರೆ ಪಾಪ ಅಂತ ಮಜ್ಜಿಗೆ ಕೊಟ್ಟೆ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಏನೂ ತೊಂದರೆ ಕಾಣಲಿಲ್ಲ. ಅಕ್ಟೋಬರ್ 14 ಬಂತು, ಹೋಯಿತು. ಆಗ ಹಾಸನಾಂಬೆ ದರ್ಶನದ ಜಾತ್ರೆ ಬೇರೆ, ಊರಲ್ಲಿ ಕಾಲಿಡಲು ಜಾಗ ಇರಲಿಲ್ಲ, ಕಂಪ್ಯೂಟರ್ ಬಗ್ಗೆ ಯಾರಿಗೆ ಚಿಂತೆ? ನವೆಂಬರ್ 1, ಶನಿವಾರ, ರಾಜ್ಯೋತ್ಸವ. ಧ್ವಜ ಹಾರಿಸಿ ಎಲ್ಲರನ್ನೂ ಲ್ಯಾಬಿಗೆ ಕರೆತಂದು, ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳು ಕನ್ನಡ ಕವಿಗಳ ಮೇಲೆ ಮಾಡಿದ್ದ ಸ್ಲೈಡ್‌ಗಳನ್ನು ಗೋಡೆ ಮೇಲೆ ಹಾಕಿದೆ. ಕುವೆಂಪು ಚಿತ್ರ ಬಂತು, ಅದರ ಕೆಳಗೆ ಬಲಗಡೆ ಮೂಲೆಯಲ್ಲಿ ಮಸುಕಾಗಿ ಇಂಗ್ಲಿಷಿನಲ್ಲಿ ‘ಆಕ್ಟಿವೇಟ್ ವಿಂಡೋಸ್’. ಬೇಂದ್ರೆ ಬಂದರು, ಮತ್ತೆ ಅದೇ. ಮುಖ್ಯ ಅತಿಥಿಯಾಗಿ ಬಂದಿದ್ದ ನಿವೃತ್ತ ಕನ್ನಡ ಪಂಡಿತರು ಕನ್ನಡಕ ಸರಿಮಾಡಿಕೊಂಡು, ‘ಇದೇನು ಮೇಷ್ಟ್ರೇ, ರಾಜ್ಯೋತ್ಸವದ ದಿನ ಎಲ್ಲ ಕವಿಗಳೂ ಇಂಗ್ಲಿಷಿನಲ್ಲಿ ಸಹಿ ಹಾಕಿದ್ದಾರಲ್ಲ’ ಅಂದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಎಲ್ಲರೂ ಹೋದ ಮೇಲೆ ಒಂದೊಂದೇ ಸೆಟ್ ಆನ್ ಮಾಡಿದೆ. 28ರಲ್ಲೂ ಅದೇ ಬರಹ.

ಅವತ್ತು ಸಂಜೆ ಕೂತು ಹುಡುಕಿದೆ. ಕಮಾಂಡ್ ಪ್ರಾಂಪ್ಟ್ (ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿ) ತೆಗೆದು ‘ಎಸ್‌ಎಲ್‌ಎಂಜಿಆರ್’ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದು, ಒಂದು ಸ್ಪೇಸ್ ಬಿಟ್ಟು, ಓರೆ ಗೆರೆ (/) ಹಾಕಿ ‘ಡಿಎಲ್‌ವಿ’ ಅಂತ ಹೊಡೆದರೆ ನಿಮ್ಮ ವಿಂಡೋಸ್‌ನ ಜಾತಕ ಹೊರಗೆ ಬರುತ್ತದೆ. ನಮ್ಮದರಲ್ಲಿ ಬಂದದ್ದು ‘ವಾಲ್ಯೂಮ್ ಕೆಎಂಎಸ್ ಕ್ಲೈಂಟ್’ ಅಂತ. ಜೊತೆಗೆ ಯಾವುದೋ ಗೊತ್ತುಗುರಿಯಿಲ್ಲದ ಸರ್ವರ್‌ನ ವಿಳಾಸ. ಅದು ನಮ್ಮ ಶಾಲೆಯದ್ದಲ್ಲ, ಹಾಸನದ್ದೂ ಅಲ್ಲ.

ಕೆಎಂಎಸ್ ಅಂದರೆ ಏನು ಅಂತ ಮಕ್ಕಳಿಗೆ ಹೇಳುವ ಹಾಗೆ ಹೇಳುತ್ತೇನೆ. ಅದೊಂದು ಹಾಜರಿ ಪುಸ್ತಕ. ದೊಡ್ಡ ಸಂಸ್ಥೆಗಳು ತಮ್ಮದೇ ಆಫೀಸಿನ ಒಳಗೆ ಒಂದು ಸರ್ವರ್ ಇಟ್ಟುಕೊಳ್ಳುತ್ತವೆ. ಅಲ್ಲಿನ ಕಂಪ್ಯೂಟರ್‌ಗಳೆಲ್ಲ ಆ ಸರ್ವರ್ ಮುಂದೆ ಹೋಗಿ ಹಾಜರಿ ಹಾಕಬೇಕು. ಹಾಜರಿ ಹಾಕಿದವನಿಗೆ 180 ದಿನದ ಪಾಸ್. ಏಳು ದಿನಕ್ಕೊಮ್ಮೆ ತಾನಾಗಿಯೇ ಹೋಗಿ ಮತ್ತೆ ಹಾಜರಿ ಹಾಕಿ ಪಾಸ್ ನವೀಕರಿಸಿಕೊಳ್ಳುತ್ತದೆ, ಹಾಗಾಗಿ ಆಫೀಸಿನಲ್ಲೇ ಇರುವ ಕಂಪ್ಯೂಟರ್‌ಗೆ ಯಾವತ್ತೂ ಗಡುವು ಮುಟ್ಟುವುದಿಲ್ಲ. ಇನ್ನೊಂದು ನಿಯಮ ಇದೆ: ವಿಂಡೋಸ್ 10, 11ರಂಥವಾದರೆ ಕನಿಷ್ಠ 25 ಕಂಪ್ಯೂಟರ್ ಹಾಜರಿಗೆ ಬಂದು ನಿಲ್ಲುವವರೆಗೆ ಆ ಸರ್ವರ್ ಯಾರಿಗೂ ಪಾಸ್ ಕೊಡುವುದಿಲ್ಲ. ಐದು ಸೆಟ್ ಇರುವ ಸೊಸೈಟಿಗೆ ‘ನಿಮ್ಮದೇ ಕೆಎಂಎಸ್ ಹಾಕಿಕೊಡ್ತೀವಿ’ ಅಂತ ಯಾರಾದರೂ ಹೇಳಿದರೆ ಅಲ್ಲೇ ಗೊತ್ತಾಗಬೇಕು, ಏನೋ ಕಸರತ್ತು ಇದೆ ಅಂತ.

ಆ ಹುಡುಗರು ಮಾಡಿದ್ದು ಇಷ್ಟೇ. ತಮ್ಮ ಡಾಂಗಲ್ ಹಾಕಿ, ಇಂಟರ್ನೆಟ್ಟಿನಲ್ಲಿ ಯಾರೋ ತೆರೆದಿಟ್ಟ ಕಳ್ಳ ಸರ್ವರ್‌ನಲ್ಲಿ ನಮ್ಮ 28 ಸೆಟ್‌ಗಳ ಹಾಜರಿ ಹಾಕಿಸಿದರು. ಡಾಂಗಲ್ ಕಿತ್ತುಕೊಂಡು ಹೋದರು. ಆಮೇಲೆ ನಮ್ಮ ಶಾಲೆಯ ಲೈನಿನಿಂದ ಒಂದು ಸಲವೂ ಆ ಸರ್ವರ್ ಸಿಗಲಿಲ್ಲ. ಮೇ 3, 4ರಿಂದ ಎಣಿಸಿ, ಅಕ್ಟೋಬರ್ ಕೊನೆಗೆ 180 ದಿನ ಸರಿಯಾಗಿ ತುಂಬಿತು. ಹಾಸನಾಂಬೆ ಗುಡಿಯ ಬಾಗಿಲು ಮುಚ್ಚುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷ ತೆಗೆಯುವವರೆಗೂ ಆರುವುದಿಲ್ಲ ಅಂತ ನಮ್ಮಲ್ಲಿ ನಂಬಿಕೆ. ನಮ್ಮ ಲೈಫ್‌ಟೈಮ್ ದೀಪ ಆರು ತಿಂಗಳೂ ಪೂರ್ತಿ ಉರಿಯಲಿಲ್ಲ ನೋಡಿ!

ಅಂಗಡಿಗೆ ಹೋಗಿ ಕೇಳಿದೆ. ಹೆಸರು ಬರೆಯುವುದಿಲ್ಲ, ಜಗಳ ಬೇಡ. ಅವರು ತಲೆ ಬಿಸಿ ಮಾಡಿಕೊಳ್ಳಲೇ ಇಲ್ಲ. ‘ಅಯ್ಯೋ, ಅಷ್ಟೇನಾ ಸರ್, ಈ ಸಲ ಮ್ಯಾಕ್ ಕೀ ಹಾಕಿಕೊಡ್ತೀನಿ, ಅದು ಪರ್ಮನೆಂಟ್’ ಅಂದರು. ಮ್ಯಾಕ್ ಅಂದರೆ ಆಪಲ್ ಕಂಪ್ಯೂಟರ್ ಅಲ್ಲ, ಒಂದೇ ಕೀಯಿಂದ (ಲೈಸೆನ್ಸಿನ 25 ಅಕ್ಷರದ ಗುರುತಿನಿಂದ) ಇಷ್ಟು ಸಲ ಅಂತ ಲೆಕ್ಕ ಕಟ್ಟಿ ಆಕ್ಟಿವೇಟ್ ಮಾಡುವ ಎಂಎಕೆ ಅನ್ನುವ ಇನ್ನೊಂದು ಪದ್ಧತಿ. ಒಂದು ಸಲ ಮೈಕ್ರೋಸಾಫ್ಟ್‌ನ ಸರ್ವರ್ ಜೊತೆ ಮಾತಾಡಿಕೊಂಡರೆ ಸಾಕು, ಮತ್ತೆ ಮತ್ತೆ ಹಾಜರಿ ಬೇಡ. ಆದರೆ ಪ್ರತಿ ಆಕ್ಟಿವೇಶನ್‌ಗೂ ಲೆಕ್ಕದಿಂದ ಒಂದು ಕಳೆಯುತ್ತದೆ. ಅವರು ಕೊಟ್ಟ ಕೀ ಆರು ಸೆಟ್ಟಿಗೆ ನಡೆಯಿತು, ಏಳನೆಯದಕ್ಕೆ ‘ಮಿತಿ ಮುಗಿದಿದೆ’ ಅಂತ ಬಂತು. ಅಂದರೆ ಅದು ಯಾವುದೋ ಸಂಸ್ಥೆ ದುಡ್ಡು ಕೊಟ್ಟು ತೆಗೆದುಕೊಂಡ ಕೀ. ಹೇಗೋ ಹೊರಗೆ ಬಂದಿದೆ, ಊರೂರಲ್ಲಿ ಹಂಚಿದ್ದಾರೆ, ನಮ್ಮ ಪಾಲಿಗೆ ಕೊನೆಯ ಆರು ತುತ್ತು ಉಳಿದಿತ್ತು. ಆ ಆರನ್ನೂ ಅವತ್ತೇ ತೆಗೆದುಹಾಕಿದೆ. ಯಾರದೋ ಎಂಜಲು ನಮಗೆ ಯಾಕೆ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಕೀ ಕಳ್ಳಮಾಲು ಅನ್ನುವುದು ಒಂದು ಕಡೆ ಇರಲಿ. ಅದು ಅಪ್ಪಟ ಚಿನ್ನದಂಥ ನಿಜವಾದ ವಾಲ್ಯೂಮ್ ಲೈಸೆನ್ಸೇ ಆಗಿದ್ದರೂ ನಮ್ಮ 12 ಅಸೆಂಬಲ್ಡ್ ಸೆಟ್ಟಿಗೆ ಅದು ನಡೆಯುತ್ತಿರಲಿಲ್ಲ! ಇದು ನಮ್ಮ ಕಡೆ ತುಂಬಾ ಜನಕ್ಕೆ ಗೊತ್ತಿಲ್ಲ. ಕಂಪ್ಯೂಟರ್ ಕಲಿಸುವ ನನಗೇ ಗೊತ್ತಿರಲಿಲ್ಲ, ಇನ್ನು ಬೇರೆಯವರನ್ನು ಏನಂತ ಅನ್ನಲಿ? ಕಂಪ್ಯೂಟರಿಗೆ ಹಾಕುವ ವಿಂಡೋಸ್‌ನ ವಾಲ್ಯೂಮ್ ಲೈಸೆನ್ಸ್ ಇರುವುದು ಅಪ್‌ಗ್ರೇಡ್‌ಗೆ ಮಾತ್ರ. ಅಂದರೆ ಆ ಸೆಟ್ಟಿನಲ್ಲಿ ಮೊದಲೇ ಒಂದು ಪೂರ್ತಿ ಲೈಸೆನ್ಸ್ ಇರಬೇಕು. ಕಂಪನಿಯಿಂದ ಬರುವಾಗಲೇ ಹಾಕಿ ಕೊಟ್ಟದ್ದೋ, ಇಲ್ಲ ಅಂಗಡಿಯಿಂದ ಡಬ್ಬಿ ಸಮೇತ ಕೊಂಡದ್ದೋ. ಅದರ ಮೇಲೆ ಇದು.

ಸಕಲೇಶಪುರದ ಕಡೆ ತೋಟ ಇರುವವರಿಗೆ ಒಂದೇ ಮಾತಲ್ಲಿ ಅರ್ಥ ಆಗುತ್ತದೆ. ವಾಲ್ಯೂಮ್ ಲೈಸೆನ್ಸ್ ಅಂದರೆ ಮೆಣಸಿನ ಬಳ್ಳಿ. ಹಬ್ಬಲು ಸಿಲ್ವರ್ ಓಕ್ ಮರವೋ, ಇನ್ಯಾವುದೋ ಮರವೋ ಬೇಕೇ ಬೇಕು. ನರ್ಸರಿಯಲ್ಲಿ ಬಳ್ಳಿ ಎಷ್ಟೇ ಅಗ್ಗಕ್ಕೆ ಸಿಗಲಿ, ಮರ ಇಲ್ಲದ ಬಯಲಲ್ಲಿ ನೆಟ್ಟರೆ ಅದು ನೆಲದ ಮೇಲೆ ತೆವಳುತ್ತದೆ, ಅಷ್ಟೇ. ನಮ್ಮ 16 ಕಂಪನಿ ಸೆಟ್‌ಗಳಲ್ಲಿ ಮರ ಇತ್ತು. 12 ಅಸೆಂಬಲ್ಡ್ ಸೆಟ್ ಬರೀ ಬಯಲು. ಅವನ್ನು ಜೋಡಿಸಿದ ದಿನದಿಂದಲೂ ಒಳಗೆ ಇದ್ದದ್ದು ಕದ್ದ ವಿಂಡೋಸೇ, ಆಗಿನ ಮಂಡಳಿಗೂ ಗೊತ್ತಿಲ್ಲ, ಈಗಿನವರಿಗೂ ಗೊತ್ತಿಲ್ಲ.

ಮರ ಅಂದರೂ ಎಲ್ಲ ಮರ ಆಗುವುದಿಲ್ಲ. ಲ್ಯಾಪ್‌ಟಾಪ್ ಕೊಳ್ಳುವಾಗ ಸಾಮಾನ್ಯವಾಗಿ ಮನೆ ಬಳಕೆಯ ವಿಂಡೋಸ್ ಹೋಮ್ ಬರುತ್ತದೆ. ವ್ಯಾಪಾರದ ಆಫೀಸುಗಳಿಗೆ ಹೋಮ್ ಮೇಲೆ ವಾಲ್ಯೂಮ್ ಅಪ್‌ಗ್ರೇಡ್ ಹಾಕಲು ನಿಯಮದಲ್ಲಿ ಜಾಗ ಇಲ್ಲ, ಮೊದಲು ಅದನ್ನು ಪ್ರೊ ಮಾಡಿಸಬೇಕು. ಎಸ್ಟೇಟ್ ಆಫೀಸು, ಕಾಫಿ ಕ್ಯೂರಿಂಗ್ ವರ್ಕ್ಸ್, ಆಡಿಟರ್ ಆಫೀಸು ನಡೆಸುವವರು ಇದನ್ನು ಗಮನಿಸಿ. ಅಸೆಂಬಲ್ಡ್ ಸೆಟ್ಟಿಗೆ ಯಾರೇ ಆಗಲಿ ಪೂರ್ತಿ ಲೈಸೆನ್ಸನ್ನೇ ಕೊಳ್ಳಬೇಕು. ಇನ್ನು ಕಂಪನಿ ಸೆಟ್ಟಿನ ಜೊತೆ ಬಂದ ಲೈಸೆನ್ಸ್ ಆ ಸೆಟ್ಟಿನ ಜೊತೆಗೇ ಸಾಯುತ್ತದೆ, ಅದನ್ನು ಕಿತ್ತು ಇನ್ನೊಂದಕ್ಕೆ ನೆಡಲು ಬರುವುದಿಲ್ಲ.

ನಿಜವಾದ ವಾಲ್ಯೂಮ್ ಲೈಸೆನ್ಸನ್ನು ನಾನು ಬೈಯುತ್ತಿಲ್ಲ. ನೂರಾರು ಸೆಟ್ ಇರುವ ಕಾಲೇಜಿಗೆ ಅದರಷ್ಟು ಸುಖ ಬೇರೆ ಇಲ್ಲ. ಒಂದು ಸೆಟ್ ಚೆನ್ನಾಗಿ ಸಿದ್ಧ ಮಾಡಿಕೊಂಡು, ಅದರದ್ದೇ ಅಚ್ಚು ತೆಗೆದು ಎಲ್ಲಕ್ಕೂ ಒತ್ತಬಹುದು, ಒಂದೊಂದಕ್ಕೂ ಬೇರೆ ಬೇರೆ ಕೀ ಹೊಡೆಯುವ ಗೋಳಿಲ್ಲ. ಆದರೆ ಅದು ಸಂತೆಯಲ್ಲಿ ಚೀಟಿ ಮೇಲೆ ಬರೆದು ಕೊಡುವ 25 ಅಕ್ಷರ ಅಲ್ಲ. ಸಂಸ್ಥೆಯ ಹೆಸರಿನಲ್ಲೇ ಒಪ್ಪಂದ ಆಗುತ್ತದೆ, ಅದಕ್ಕೊಂದು ನಂಬರ್ ಇರುತ್ತದೆ. ಮೈಕ್ರೋಸಾಫ್ಟ್ 365 ಅಡ್ಮಿನ್ ಸೆಂಟರ್ ಅನ್ನುವ ತಾಣದಲ್ಲಿ ಸಂಸ್ಥೆಯವರೇ ಲಾಗಿನ್ ಆಗಿ ತಮ್ಮ ಕೀ, ತಮ್ಮ ಲೆಕ್ಕ ನೋಡಿಕೊಳ್ಳಬಹುದು. ನಮ್ಮ ಬಿಲ್ಲಿನಲ್ಲಿ ಒಪ್ಪಂದದ ನಂಬರ್ ಇರಲಿಲ್ಲ, ಲಾಗಿನ್ ಕೊಟ್ಟಿರಲಿಲ್ಲ, ಶಾಲೆಯ ಹೆಸರೂ ತಪ್ಪಾಗಿತ್ತು. ಒಪ್ಪಂದ ಯಾರ ಹೆಸರಲ್ಲಿದೆ ಅಂತ ದುಡ್ಡು ಕೊಡುವ ಮೊದಲು ಒಂದು ಮಾತು ಕೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಇನ್ನೂ ಹೊಟ್ಟೆ ಉರಿಸುವ ವಿಷಯ ಕೇಳಿ. 16 ಕಂಪನಿ ಸೆಟ್‌ಗಳಲ್ಲಿ ಅಸಲಿ ವಿಂಡೋಸ್ 10 ಪ್ರೊ ಇತ್ತಲ್ಲ, ಯಂತ್ರ ತಕ್ಕದ್ದಾಗಿದ್ದರೆ ಅದರಿಂದ ವಿಂಡೋಸ್ 11 ಪ್ರೊಗೆ ಹೋಗುವುದು ಉಚಿತ. ಹೌದು, ಪುಗಸಟ್ಟೆ. 1,200 ಅಲ್ಲ, 12 ರೂಪಾಯಿಯೂ ಬೇಡ. ಅಸಲಿ ಇದ್ದದ್ದನ್ನು ಅಳಿಸಿ, ನಕಲಿ ಹಾಕಿ, ಅದಕ್ಕೆ ನಮ್ಮಿಂದಲೇ ದುಡ್ಡು ಇಸಿದುಕೊಂಡರು!

ಒಂದು ಪುಣ್ಯ ಅಂದರೆ ಇಂಥ ಸೆಟ್‌ಗಳಲ್ಲಿ ಕೀ ಬಯೋಸ್ (ಕಂಪ್ಯೂಟರ್ ಆನ್ ಆದ ಕೂಡಲೇ ಮೊದಲು ಓಡುವ, ಯಂತ್ರದೊಳಗೇ ಇರುವ ಪ್ರೋಗ್ರಾಮ್) ಒಳಗೇ ಬರೆದಿರುತ್ತದೆ, ಫಾರ್ಮ್ಯಾಟ್ ಮಾಡಿದರೂ ಅಳಿಯುವುದಿಲ್ಲ. ಮೈಕ್ರೋಸಾಫ್ಟ್ ತಾಣದಿಂದಲೇ ವಿಂಡೋಸ್ ಇಳಿಸಿ ಪೆನ್ ಡ್ರೈವ್ ಮಾಡಿಕೊಂಡೆ. ಮಕ್ಕಳ ಫೈಲ್‌ಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ಎತ್ತಿಟ್ಟು, ಎಂಟರ್‌ಪ್ರೈಸ್ ತೆಗೆದು ಹೊಸದಾಗಿ ಹಾಕಿದೆ. ಕೀ ಕೇಳಲೇ ಇಲ್ಲ, ತಾನಾಗಿಯೇ ಪ್ರೊ ಅಂತ ಗುರುತಿಸಿಕೊಂಡಿತು. ಇಂಟರ್ನೆಟ್ ತಾಗಿದ ಕೂಡಲೇ ಆಕ್ಟಿವೇಟ್ ಆಯಿತು. ಆ ಕ್ಷಣ ಬಂದ ಸಂತೋಷ ಇದೆಯಲ್ಲ, ಕಳೆದುಹೋದ ಹಸು ತಾನಾಗಿಯೇ ಕೊಟ್ಟಿಗೆಗೆ ಬಂದ ಹಾಗೆ.

ಎಲ್ಲ 16ಕ್ಕೂ 11 ಆಗಲಿಲ್ಲ. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಇದ್ದರಷ್ಟೇ ಸಾಲದು, ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು, ಪ್ರೊಸೆಸರ್ ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಆಗಿರಬೇಕು. ಮೈಕ್ರೋಸಾಫ್ಟ್‌ನದ್ದೇ ಪಿಸಿ ಹೆಲ್ತ್ ಚೆಕ್ ಅಂತ ಒಂದು ಉಚಿತ ಆ್ಯಪ್ ಇದೆ, ಆಗುತ್ತದೋ ಇಲ್ಲವೋ ಅಂತ ಅದೇ ಹೇಳುತ್ತದೆ. ನಮ್ಮ ನಾಲ್ಕು ಸೆಟ್‌ಗಳಿಗೆ ಅದು ಮೊದಲು ‘ಆಗುವುದಿಲ್ಲ’ ಅಂತ ತಲೆ ಅಲ್ಲಾಡಿಸಿತು. ಬಯೋಸ್ ಒಳಗೆ ಹೋಗಿ ನೋಡಿದರೆ ಟಿಪಿಎಂ ಇತ್ತು, ಆಫ್ ಆಗಿತ್ತು ಅಷ್ಟೇ, ಆನ್ ಮಾಡಿದೆ. ಹೀಗಾಗಿ ಕೊನೆಗೆ ಒಂಬತ್ತು ಸೆಟ್ ವಿಂಡೋಸ್ 11ಕ್ಕೆ ಸರಿಯಾಗಿ ಹೋದವು. ಏಳು ಹಳೇ ಪ್ರೊಸೆಸರ್‌ನವು 10ರಲ್ಲೇ ಉಳಿದವು. ಆ ಹುಡುಗರು ಈ ಏಳಕ್ಕೂ, ಅಸೆಂಬಲ್ಡ್ ಸೆಟ್‌ಗಳಿಗೂ ಪರೀಕ್ಷೆ ತಪ್ಪಿಸಿ 11 ತುರುಕಿದ್ದರು. ಹಾಗೆ ತುರುಕಿದ್ದಕ್ಕೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಮೈಕ್ರೋಸಾಫ್ಟ್ ಭರವಸೆ ಕೊಡುವುದಿಲ್ಲ. ಅಪ್‌ಡೇಟ್‌ಗೋಸ್ಕರವೇ ಇಷ್ಟೆಲ್ಲ ಹೊರಟಿದ್ದು ನಾವು, ಅಲ್ವಾ?

ಕನ್ನಡದ ಗೋಳು ಬೇರೆಯೇ. ಫಾರ್ಮ್ಯಾಟ್ ಮಾಡಿದ ಮೇಲೆ ಜೂನ್‌ನಲ್ಲಿ ಆಫೀಸಿನ ಸೆಟ್ಟಿನಲ್ಲಿ ಹಳೇ ಪ್ರಶ್ನೆಪತ್ರಿಕೆ ತೆಗೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿದ ಚಿತ್ರಾನ್ನ. ನಮ್ಮ ಗುಮಾಸ್ತರು ಗಾಬರಿಯಾಗಿ ವೈರಸ್ ಬಂದಿದೆ ಅಂತ ವೈರ್ ಕಿತ್ತುಬಿಟ್ಟಿದ್ದರು. ವೈರಸ್ ಏನಿಲ್ಲ. ಅವೆಲ್ಲ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್‌ಗಳು. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿರುತ್ತಾರೆ, ಫಾಂಟ್ ಇಲ್ಲದಿದ್ದರೆ ಕೆಳಗಿನ ಇಂಗ್ಲಿಷ್ ಬಾಯ್ತೆರೆದು ನೋಡುತ್ತದೆ. ನುಡಿ ಮತ್ತೆ ಹಾಕಿದ ಮೇಲೆ ಸರಿಹೋಯಿತು. ಇನ್ನು ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ತುಂಗಾ ಫಾಂಟ್ ಆರಿಸಿ ಮಾಡಿದ್ದ ಫೈಲ್‌ಗಳು ಓದಲು ಬಂದವು, ಆದರೆ ಸಾಲು, ಪುಟ ಎಲ್ಲ ಜರುಗಿದ್ದವು. ವಿಂಡೋಸ್ ಎಕ್ಸ್‌ಪಿ ಕಾಲದಿಂದ ವಿಂಡೋಸ್ ಜೊತೆಗೇ ಬರುತ್ತಿದ್ದ ತುಂಗಾ, ಈಗ ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ತಾನಾಗಿ ಇರುವುದಿಲ್ಲ. ಅದರ ಜಾಗದಲ್ಲಿ ಇನ್ನೊಂದು ಫಾಂಟ್, ನಿರ್ಮಲಾ, ಕೂತಿದ್ದಾಳೆ. ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್ ಒಳಗೆ ಹೋಗಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಅನ್ನುವುದನ್ನು ಸೇರಿಸಿದರೆ ತುಂಗಾ ವಾಪಸ್ ಬರುತ್ತಾಳೆ. ಇದನ್ನು ಯಾವ ಅಂಗಡಿಯವನೂ ಹೇಳಲಿಲ್ಲ. ಪಂಚಾಯಿತಿ, ನೋಂದಣಿ ಪತ್ರ ಬರೆಯುವವರು, ಡಿಟಿಪಿ ಅಂಗಡಿಯವರು ಫಾರ್ಮ್ಯಾಟ್ ಮಾಡಿಸುವ ಮೊದಲು ಯಾವ ಯಾವ ಫಾಂಟ್ ಬಳಸುತ್ತಿದ್ದೀರಿ ಅಂತ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

10ರಲ್ಲೇ ಉಳಿದ ಏಳು ಸೆಟ್‌ಗಳ ದಾರಿ ಹೇಳುತ್ತೇನೆ, ಶಾಲೆಗಳಿಗೆ ಇದು ಲಾಭದ ವಿಷಯ. ಬೆಂಬಲ ಮುಗಿದ ಮೇಲೂ ಭದ್ರತೆಯ ಅಪ್‌ಡೇಟ್ ಮಾತ್ರ ದುಡ್ಡು ಕೊಟ್ಟು ಪಡೆಯುವ ಇಎಸ್‌ಯು ಅನ್ನುವ ಯೋಜನೆಯನ್ನು ಮೈಕ್ರೋಸಾಫ್ಟ್ ಇಟ್ಟಿದೆ. ವ್ಯಾಪಾರಿ ಸಂಸ್ಥೆಗಳಿಗೆ ಒಂದು ಸೆಟ್ಟಿಗೆ ಮೊದಲ ವರ್ಷ 61 ಡಾಲರ್, ಆಮೇಲೆ ವರ್ಷ ವರ್ಷ ಎರಡರಷ್ಟು. ಆದರೆ ಶಿಕ್ಷಣ ಸಂಸ್ಥೆಗಳಿಗೆ ಮೊದಲ ವರ್ಷ ಒಂದೇ ಡಾಲರ್, ಎರಡನೇ ವರ್ಷ 2, ಮೂರನೇ ವರ್ಷ 4. ಮೂರು ವರ್ಷಕ್ಕೂ ಸೇರಿ ಸೆಟ್ಟಿಗೆ 7 ಡಾಲರ್, ನಮ್ಮ ಏಳಕ್ಕೆ 49 ಡಾಲರ್. ತಡವಾಗಿ ಸೇರಿದರೆ ಹಿಂದಿನ ವರ್ಷದ್ದೂ ಸೇರಿಸಿ ಕಟ್ಟಬೇಕು. ತಮಾಷೆ ಅಂದರೆ ಇದನ್ನು ನಾವು ಕೊಳ್ಳುತ್ತಿರುವುದೂ ವಾಲ್ಯೂಮ್ ಲೈಸೆನ್ಸ್ ಮೂಲಕವೇ, ಈ ಸಲ ಅಸಲಿ ವಾಲ್ಯೂಮ್ ಲೈಸೆನ್ಸ್! ಶಾಲೆಯ ಹೆಸರಲ್ಲಿ ಅರ್ಜಿ ಹಾಕಿ, ಶಿಕ್ಷಣ ಸಂಸ್ಥೆ ಅನ್ನುವ ದಾಖಲೆ ಕೊಟ್ಟಿದ್ದೇವೆ. ಕೆಲಸ ಇನ್ನೂ ನಡೆಯುತ್ತಿದೆ. ಅಲ್ಲಿಯವರೆಗೆ ಆ ಏಳು ಸೆಟ್‌ಗಳಿಗೆ ಇಂಟರ್ನೆಟ್ ಕೊಟ್ಟಿಲ್ಲ, ಮಕ್ಕಳು ಅದರಲ್ಲಿ ಟೈಪಿಂಗ್, ಪೇಂಟ್ ಮಾಡುತ್ತಾರೆ.

12 ಅಸೆಂಬಲ್ಡ್ ಸೆಟ್‌ಗಳಿಗೆ ಪೂರ್ತಿ ಲೈಸೆನ್ಸ್ ಕೊಳ್ಳುವ ಶಕ್ತಿ ಶಾಲೆಗಿಲ್ಲ. ವಿಂಡೋಸ್ ಬದಲು ಉಬುಂಟು (ಉಚಿತವಾಗಿ ಸಿಗುವ ಲಿನಕ್ಸ್‌ನ ಒಂದು ಬಗೆ) ಹಾಕಿದೆ. ಹಿಂದೆ ಒಂದು ತರಬೇತಿಯಲ್ಲಿ ಸ್ವಲ್ಪ ಕಲಿತಿದ್ದೆ, ಧೂಳು ಒರೆಸಿಕೊಂಡೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಲಿನಕ್ಸ್ ನಡೆಯುತ್ತಿದೆ, ಅಲ್ಲಿನ ಕೈಟ್ ಅನ್ನುವ ಸರ್ಕಾರಿ ಸಂಸ್ಥೆ ಶಾಲೆಗೆ ಬೇಕಾದ್ದನ್ನೆಲ್ಲ ಸೇರಿಸಿ ಸಿದ್ಧಮಾಡಿ ಕೊಡುತ್ತದೆ. ನಮ್ಮಲ್ಲಿ ಒಬ್ಬೊಬ್ಬ ಮೇಷ್ಟ್ರೂ ತನ್ನ ತನ್ನ ಪೆನ್ ಡ್ರೈವ್ ಹಿಡಿದು ಗುದ್ದಾಡಬೇಕು. ಕೆಲವು ಪೋಷಕರು ‘ನಮ್ಮ ಮಗನಿಗೆ ವಿಂಡೋಸ್ ಇಲ್ಲದ ಸೆಟ್ ಯಾಕೆ’ ಅಂತ ಕೇಳಿದರು. ವಾರಕ್ಕೊಂದು ಸಲ ಜಾಗ ಬದಲಾಯಿಸಿ ಕೂರಿಸುತ್ತೇನೆ ಅಂತ ಸಮಾಧಾನ ಹೇಳಿದೆ. ಮಕ್ಕಳಿಗೆ ಒಂದು ಚೂರೂ ಬೇಜಾರಿಲ್ಲ, ಬೇಜಾರೆಲ್ಲ ದೊಡ್ಡವರಿಗೆ.

‘ಇರಲಿ ಬಿಡಿ ಮೇಷ್ಟ್ರೇ, ಹಳ್ಳಿ ಶಾಲೆಯನ್ನ ಯಾರು ಕೇಳ್ತಾರೆ’ ಅಂತ ನನಗೆ ಹೇಳಿದವರೂ ಇದ್ದಾರೆ. ಕೇಳದೇ ಇರಬಹುದು. ಆದರೆ ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ, ಗೊತ್ತಿದ್ದೂ ಕದ್ದ ಸಾಫ್ಟ್‌ವೇರ್ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ ಇದೆ. ವ್ಯಾಪಾರಕ್ಕೆ ಬಳಸಿಲ್ಲ ಅಂತಾದರೆ ಜೈಲು ಬಿಟ್ಟು ದಂಡ ಮಾತ್ರ ಹಾಕಲು ನ್ಯಾಯಾಲಯಕ್ಕೆ ಅವಕಾಶ ಇದೆ, ಅದೂ ನಿಜ. ನವೆಂಬರ್ 1ರವರೆಗೆ ನಮಗೆ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ಅದನ್ನೇ ಇಟ್ಟುಕೊಂಡು ಮಕ್ಕಳಿಗೆ ಪಾಠ ಮಾಡುವುದು ನನ್ನಿಂದ ಆಗಲಿಲ್ಲ. ಕಾನೂನು ಬಿಡಿ, ಆಂಟಿವೈರಸ್ ಮಲಗಿಸಿ ಓಡಿಸಿದ ಆ ಪ್ರೋಗ್ರಾಮ್ ಒಳಗೆ ಇನ್ನೇನಿತ್ತೋ ಯಾರು ಬಲ್ಲರು? ಅದೇ ನೆಟ್‌ವರ್ಕಿನಲ್ಲಿ ಮಕ್ಕಳ ಹೆಸರು, ಪೋಷಕರ ಫೋನ್ ನಂಬರ್ ಇರುವ ಆಫೀಸಿನ ಸೆಟ್ಟೂ ಇದೆ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಅನ್ನುವ ಪ್ರೋಗ್ರಾಮ್ ವಿಂಡೋಸ್‌ನ ಒಂದು ತೂತಿನಿಂದ ನುಗ್ಗಿ ಜಗತ್ತನ್ನೆಲ್ಲ ನಡುಗಿಸಿದ್ದು ನೆನಪಿರಬಹುದು. ಆ ತೂತು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ನಿಮ್ಮ ಪತ್ರಿಕೆ ಮೂಲಕ ನಾನು ಕೇಳುವುದು ಜಾಸ್ತಿ ಏನಿಲ್ಲ. ಶಾಲೆಗಳು, ಸೊಸೈಟಿಗಳು ಕೊಟೇಶನ್ ಕರೆಯುವಾಗ ‘ವಿಂಡೋಸ್ ಲೈಸೆನ್ಸ್’ ಅಂತ ಎರಡು ಪದ ಬರೆದು ಬಿಡುತ್ತವೆ. ಅದರ ಬದಲು ಯಾವ ಬಗೆಯ ಲೈಸೆನ್ಸ್, ಯಾವ ಸೆಟ್ಟಿಗೆ, ಆ ಸೆಟ್ಟಿನಲ್ಲಿ ಮೊದಲೇ ಇರುವ ಲೈಸೆನ್ಸ್ ಯಾವುದು, ಒಪ್ಪಂದದ ನಂಬರ್ ಏನು ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಲಿ. ಶಿಕ್ಷಣ ಇಲಾಖೆಯವರು ಇದನ್ನೇ ಒಂದು ಪುಟದ ಸುತ್ತೋಲೆ ಮಾಡಿ, ಕನ್ನಡದಲ್ಲಿ, ಎಲ್ಲ ಶಾಲೆಗೂ ಕಳಿಸಿದರೆ ಇನ್ನೂ ಒಳ್ಳೆಯದು. ಕಡಿಮೆ ಕೊಟೇಶನ್‌ಗೆ ಸಹಿ ಹಾಕುವ ಮುಂಚೆ ಮಂಡಳಿಯವರು ಕಂಪ್ಯೂಟರ್ ಮೇಷ್ಟ್ರನ್ನು ಒಂದು ಮಾತು ಕೇಳಲಿ, ಮೇಷ್ಟ್ರೂ ನನ್ನ ಹಾಗೆ ಸುಮ್ನೆ ಕೂರದೆ ಬಾಯಿ ಬಿಡಲಿ. ಇನ್ನು ನಿಮ್ಮ ಏಜೆಂಟರಿಗೆ, ಲೈಫ್‌ಟೈಮ್ ಅಂತ ಬರೆದಿರುವ ಪಾಂಪ್ಲೆಟ್ ಪೇಪರಿನೊಳಗೆ ಸೇರಿಸುವ ಮುಂಚೆ ಒಂದು ಸಲ ಓದಿ ನೋಡಲು ಹೇಳಿ.

ನಮ್ಮ 33,600 ಇನ್ನೂ ವಾಪಸ್ ಬಂದಿಲ್ಲ. ನಾಲ್ಕು ಸಲ ಹೋಗಿ ಬಂದೆ, ನಾಲ್ಕೂ ಸಲ ‘ಮುಂದಿನ ವಾರ’. ಹೋದ ವಾರ ಅಧ್ಯಕ್ಷರೇ ನನ್ನ ಜೊತೆ ಬಂದಿದ್ದರು, ಅವರಿಗೆ ಕುರ್ಚಿ ಹಾಕಿ ಟೀ ಕೊಟ್ಟರು, ಅಷ್ಟೇ ವ್ಯತ್ಯಾಸ. ಅಂಗಡಿ ಟೇಬಲ್ ಮೇಲೆ ಅದೇ ಹಳದಿ ಪಾಂಪ್ಲೆಟ್‌ನ ಕಟ್ಟು ಇತ್ತು. ಈ ವರ್ಷ ಯಾರಾದರೂ ಅದನ್ನು ನೋಡಿ ಹಾಕಿಸಿಕೊಂಡಿದ್ದರೆ, ಮೇಲೆ ಹೇಳಿದ ಆ ಕಮಾಂಡನ್ನು ಇವತ್ತೇ ಹೊಡೆದು ನೋಡಿ. ಅದರಲ್ಲಿ ಕೆಎಂಎಸ್ ಅಂತ ಬಂದರೆ, ಗೋಡೆಯ ಕ್ಯಾಲೆಂಡರ್ ತೆಗೆದು ಹಾಕಿಸಿದ ದಿನದಿಂದ 180 ಎಣಿಸಿ. ಬಿಲ್ ಮಾತ್ರ ಬಿಸಾಡಬೇಡಿ.

ಇಂತಿ,
ಒಬ್ಬ ಕಂಪ್ಯೂಟರ್ ಮೇಷ್ಟ್ರು,
ಹಾಸನ ಜಿಲ್ಲೆ